ಮಗನಂತೆ ಬೆಳೆದವಳ ಲೆಕ್ಕ

ಕಾಮಿಕ್ಸ್ ಎಂದರೆ ಮಕ್ಕಳ ಓದು ಎಂದೇ ನಾವು ತಿಳಿದಿದ್ದೆವು. ಐವತ್ತರ ಆಸುಪಾಸಿನ ಹೆಂಗಸರು ಬ್ಯಾಡಗಿಯ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು, ಜಪಾನಿನ ಹುಡುಗಿಯರಿಗಾಗಿ ಅರ್ಧ ಶತಮಾನದ ಹಿಂದೆ ಬರೆದ ಚಿತ್ರಕತೆಯೊಂದನ್ನು ಓದಿ ಕಣ್ಣೊರೆಸಿಕೊಂಡರು ಎಂದರೆ ಯಾರಾದರೂ ನಗಬಹುದು. ನಗಲಿ. ಆದರೆ ಆ ಪುಸ್ತಕ ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿಸಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ.

ನಾವು ಎಂದರೆ ಇಲ್ಲಿ ಅಕ್ಕ ತಂಗಿ ಇಬ್ಬರು. ಹಿರಿಯವಳು ಹಾವೇರಿಗೆ, ಕಿರಿಯವಳು ರಾಣೆಬೆನ್ನೂರಿಗೆ ಮದುವೆಯಾಗಿ ಹೋದವರು. ನಡುವಿನವಳು ಬ್ಯಾಡಗಿಯಲ್ಲೇ ಉಳಿದಳು. ಹಾವೇರಿಯ ಏಲಕ್ಕಿ ಹಾರ, ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜದ ವ್ಯಾಪಾರ ಎಂದು ಊರುಗಳನ್ನು ಗುರುತಿಸುವವರಿದ್ದಾರೆ. ನಮಗೆ ಆ ಮೂರೂ ಊರುಗಳೆಂದರೆ ಒಂದೇ ರೈಲು ಹಾದಿಯ ಮೂರು ನಿಲ್ದಾಣಗಳು. ಎತ್ತ ಕಡೆಯಿಂದ ಬಂದರೂ ಬ್ಯಾಡಗಿ ನಡುವೆಯೇ ಸಿಗುತ್ತದೆ. ನಮ್ಮಿಬ್ಬರಿಗೆ ಅವಳು ಸಿಗುತ್ತಿದ್ದದ್ದೂ ಹಾಗೆಯೇ. ಹಬ್ಬಕ್ಕೆ, ಬಾಣಂತನಕ್ಕೆ, ಆಸ್ಪತ್ರೆಗೆ, ಸಾಲಕ್ಕೆ ನಾವು ಇಳಿದು ಹತ್ತುವ ನಿಲ್ದಾಣವಾಗಿದ್ದಳು. ಈ ಬರಹ ಅವಳ ಕುರಿತಾದದ್ದು. ಅವಳು ಓದಿ, ಎರಡು ಕಡೆ ತಿದ್ದಿಸಿ, ‘ಆತು, ಕಳಸ್ರಿ’ ಎಂದ ಮೇಲೆಯೇ ಕಳಿಸುತ್ತಿದ್ದೇವೆ.

ಓದು ನಮಗೆ ಹೊಸದಲ್ಲ. ಚಿಕ್ಕಂದಿನಲ್ಲಿ ‘ಚಂದಮಾಮ’ ಬಂದ ದಿನ ಮನೆಯಲ್ಲಿ ಜಗಳವೇ ಆಗುತ್ತಿತ್ತು. ಬೇತಾಳನನ್ನು ಹೆಗಲಿಗೇರಿಸಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನು ಮೊದಲು ಯಾರು ನೋಡಬೇಕು ಎಂಬುದೇ ಜಗಳ. ಸ್ವಲ್ಪ ದೊಡ್ಡವರಾದ ಮೇಲೆ ಬಾಡಿಗೆ ಪುಸ್ತಕದಂಗಡಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರ ಕಾದಂಬರಿಗಳನ್ನು ತಂದು, ಅಬ್ಬಾ ಮಂಡಿಯಿಂದ ಬರುವಷ್ಟರಲ್ಲಿ ಓದಿ ಮುಗಿಸಿ ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದೆವು. ವಾರಪತ್ರಿಕೆಗಳ ಧಾರಾವಾಹಿಗಾಗಿ ಇಡೀ ವಾರ ಕಾಯುತ್ತಿದ್ದೆವು. ಆದರೆ ಮದುವೆ, ಮಕ್ಕಳು, ನೌಕರಿ ಎನ್ನುತ್ತ ಆ ಓದು ಎಲ್ಲೋ ನಿಂತಿತು. ‘ಚಂದಮಾಮ’ವೂ 2013ರಲ್ಲಿ ನಿಂತುಹೋಯಿತು.

2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಓದುವ ಕಿರಿಯವಳ ಮಗಳು ರಜೆಗೆ ಬಂದಳು. ಅವಳ ಫೋನಿನಲ್ಲಿ ಒಂದು ಜಪಾನೀ ಆನಿಮೇಷನ್ ಚಿತ್ರವಿತ್ತು. ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಏಪ್ರಿಲ್ ಕೊನೆಗೆ ನೆಟ್‌ಫ್ಲಿಕ್ಸ್‌ಗೆ ಬಂದಿದ್ದ ಚಿತ್ರ. ಹೆಸರು ‘ದಿ ರೋಸ್ ಆಫ್ ವರ್ಸೈ’. ವರ್ಸೈಯ ಗುಲಾಬಿ ಎನ್ನಬಹುದು. ನಾವು ಅದನ್ನು ಅಡುಗೆಮನೆಯಿಂದ ಹಣಕಿ ಹಾಕಿ ನೋಡಿದೆವು. ಮುಖದ ಅರ್ಧದಷ್ಟು ದೊಡ್ಡ ಕಣ್ಣುಗಳು, ಕಣ್ಣೊಳಗೆ ನಕ್ಷತ್ರಗಳು, ಹಾರಾಡುವ ಹೊಂಗೂದಲು. ಎತ್ತ ನೋಡಿದರೂ ಗುಲಾಬಿ ಹೂ. ‘ಏನಿದು, ಮಿಠಾಯಿ ಡಬ್ಬಿ ಇದ್ದಂಗ ಐತಿ’ ಎಂದು ಹಿರಿಯವಳು ಅಂದಳು. ಹುಡುಗಿಗೆ ಸಿಟ್ಟು ಬಂತು. ‘ಸಿನಿಮಾದಾಗ ಓಡಿಸಿಬಿಟ್ಟಾರ, ಪುಸ್ತಕದಾಗ ನೋಡ್ರಿ’ ಎಂದು ಚೀಲದಿಂದ ಇಟ್ಟಿಗೆಯಂಥ ಒಂದು ಪುಸ್ತಕ ತೆಗೆದಳು. ಇಂಗ್ಲಿಷಿನಲ್ಲಿ ಐದು ದಪ್ಪ ಸಂಪುಟಗಳಾಗಿ ಬಂದಿದೆಯಂತೆ. ಗೆಳತಿಯೊಬ್ಬಳಿಂದ ಐದನ್ನೂ ಎರವಲು ತಂದಿದ್ದಳು.

ಪುಸ್ತಕ ಬಿಡಿಸಿದ ಕೂಡಲೇ ಒಂದು ವಿಚಿತ್ರ ನಡೆಯಿತು. ಅದು ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ ಸಾಗುವ ಪುಸ್ತಕ. ಜಪಾನಿನ ಮಾಂಗಾ ಎಂಬ ಚಿತ್ರಕತೆಗಳೆಲ್ಲ ಹಾಗೆಯೇ. ಇದಕ್ಕೆ ಒಗ್ಗಿಕೊಳ್ಳಲು ತನಗೆ ಒಂದು ವಾರ ಹಿಡಿಯಿತು ಎಂದು ಹುಡುಗಿ ಹೇಳಿದಳು. ನಮಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಲಿಫ್ ಬೇ ಕಲಿತ ಕಣ್ಣು ತಾನಾಗಿಯೇ ಬಲದ ಮೂಲೆಗೆ ಹೋಯಿತು. ಇಂಗ್ಲಿಷ್ ಮಾತ್ರ ಕಷ್ಟ. ಹುಡುಗಿ ಓದಿ ಕನ್ನಡದಲ್ಲಿ ಹೇಳುವುದು, ನಾವು ಚಿತ್ರ ನೋಡುವುದು ಎಂದು ಗೊತ್ತಾಯಿತು. ಮೊದಲ ದಿನ ಅವಳು ‘ಆಂದ್ರೆ...’ ಎಂದು ನಿಲ್ಲಿಸಿದಳು. ನಾವು ‘ಅಂದ್ರ ಏನು?’ ಎಂದೆವು. ಅವಳು ಮತ್ತೆ ‘ಆಂದ್ರೆ’ ಎಂದಳು. ‘ಅದs ಕೇಳಾಕತ್ತೀವಿ, ಅಂದ್ರ ಏನಂತ?’ ಅದು ಕತೆಯೊಳಗಿನ ಹುಡುಗನ ಹೆಸರು ಎಂದು ತಿಳಿಯುವಷ್ಟರಲ್ಲಿ ನಡುವಿನವಳು ಅಂಗಡಿಯಿಂದ ಬಂದಿದ್ದಳು. ನಾವು ನಗುವುದನ್ನು ನೋಡಿ ಅವಳೂ ಕುಳಿತಳು. ಆ ಮೇಲೆ ಆರು ಸಂಜೆ ಅವಳು ತಪ್ಪದೆ ಕುಳಿತಳು.

ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಶೋಜೊ ಎಂದರೆ ಜಪಾನೀ ಭಾಷೆಯಲ್ಲಿ ಎಳೆಯ ಹುಡುಗಿ. ಶೋಜೊ ಮಾಂಗಾ ಎಂದರೆ ಹುಡುಗಿಯರಿಗಾಗಿ ಬರೆದ ಚಿತ್ರಕತೆ. ಮೊದಮೊದಲು ಅವನ್ನು ಹೆಚ್ಚಾಗಿ ಗಂಡಸರೇ ಬರೆಯುತ್ತಿದ್ದರು. ಜಪಾನಿನ ದೊಡ್ಡ ಚಿತ್ರಕತೆಗಾರ ಒಸಾಮು ತೆಜುಕಾ 1953ರಲ್ಲಿ ಆರಂಭಿಸಿದ ‘ರಿಬ್ಬನ್ ನೋ ಕಿಶಿ’ಯಲ್ಲಿ ಸಫೈರ್ ಎಂಬ ರಾಜಕುಮಾರಿಯಿದ್ದಾಳೆ. ಹೆಣ್ಣಿಗೆ ಸಿಂಹಾಸನವಿಲ್ಲವಾದ್ದರಿಂದ ಅವಳನ್ನು ರಾಜಕುಮಾರನೆಂದು ಬೆಳೆಸುತ್ತಾರೆ. 1970ರ ದಶಕದ ಹೊತ್ತಿಗೆ ಹೆಣ್ಣುಮಕ್ಕಳೇ ಲೇಖನಿ ಹಿಡಿದು ಬಂದರು. ಮೋಟೊ ಹಾಗಿಯೊ, ಕೆಯ್ಕೊ ತಾಕೆಮಿಯಾ, ಯುಮಿಕೊ ಓಶಿಮಾ ಮೊದಲಾದ, 1949ರ ಆಸುಪಾಸಿನಲ್ಲಿ ಹುಟ್ಟಿದ ತರುಣಿಯರು ಆ ಪ್ರಕಾರದ ಹಣೆಬರಹವನ್ನೇ ಬದಲಿಸಿದರು. ಅದೇ ಕಾಲದವರು 1947ರಲ್ಲಿ ಒಸಾಕಾದಲ್ಲಿ ಹುಟ್ಟಿದ ರಿಯೊಕೊ ಇಕೆಡಾ. ಶಾಲೆಯಲ್ಲಿದ್ದಾಗ ಸ್ಟೀಫನ್ ಜ್ವೈಗ್ ಬರೆದ ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್‌ಳ ಜೀವನಚರಿತ್ರೆ ಓದಿ, ಇದನ್ನು ಎಂದಾದರೂ ಕತೆಯಾಗಿಸಬೇಕು ಎಂದುಕೊಂಡವರು. 1972ರಲ್ಲಿ ‘ಮಾರ್ಗರೆಟ್’ ಎಂಬ ಹುಡುಗಿಯರ ವಾರಪತ್ರಿಕೆಯಲ್ಲಿ ಅದನ್ನು ಧಾರಾವಾಹಿಯಾಗಿ ಆರಂಭಿಸಿದರು. ಆಗ ಅವರಿಗೆ 24 ವರ್ಷ. ಇತಿಹಾಸ ಹುಡುಗಿಯರಿಗೆ ಹಿಡಿಸದು ಎಂದು ಪತ್ರಿಕೆಯವರು ಹಿಂದೆಮುಂದೆ ನೋಡಿದ್ದರಂತೆ. ಇಕೆಡಾ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1973ರಲ್ಲಿ ಮುಗಿಯುವಷ್ಟರಲ್ಲಿ ಅದು ಜಪಾನಿನ ಮನೆಮಾತಾಗಿತ್ತು.

ಕತೆ ಮೂರು ಜನನಗಳಿಂದ ಆರಂಭವಾಗುತ್ತದೆ. 1755ರಲ್ಲಿ ಆಸ್ಟ್ರಿಯಾದಲ್ಲಿ ಮಾರಿ ಆಂಟೊನೆಟ್, ಸ್ವೀಡನ್ನಿನಲ್ಲಿ ಮುಂದೆ ಅವಳನ್ನು ಪ್ರೀತಿಸಲಿರುವ ಫೆರ್ಸನ್, ಫ್ರಾನ್ಸಿನಲ್ಲಿ ಆಸ್ಕರ್. ಮೊದಲಿಬ್ಬರು ಇತಿಹಾಸದವರು, ಮೂರನೆಯವಳು ಇಕೆಡಾರ ಕಲ್ಪನೆ. ಜನರಲ್ ಜಾರ್ಜೆ ಎಂಬ ಸೇನಾಧಿಕಾರಿಗೆ ಐದು ಹೆಣ್ಣುಮಕ್ಕಳು. ಆರನೆಯದಾದರೂ ಗಂಡಾಗಲಿ ಎಂದು ಕಾಯುತ್ತಾನೆ. ಅದೂ ಹೆಣ್ಣು. ಆಗ ಅವನು ಅಲ್ಲೇ ನಿಂತು ತೀರ್ಮಾನ ಮಾಡುತ್ತಾನೆ. ಈ ಕೂಸಿಗೆ ಗಂಡಿನ ಹೆಸರಿಡುತ್ತೇನೆ, ಮಗನಂತೆ ಬೆಳೆಸುತ್ತೇನೆ, ನನ್ನ ಹುದ್ದೆಗೆ ಇದೇ ವಾರಸು.

ಹುಡುಗಿ ಈ ಪುಟ ಓದಿ ಹೇಳಿದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ನಾವಿಬ್ಬರೂ ನಡುವಿನವಳ ಕಡೆ ನೋಡಲಿಲ್ಲ. ಅವಳು ಮಾತ್ರ ಚಿತ್ರವನ್ನು ಹತ್ತಿರ ಎಳೆದುಕೊಂಡು, ‘ಆರನೇದರ ತನಕ ಕಾದ ನೋಡ. ನಮ್ಮಬ್ಬಾ ಮೂರಕ್ಕs ಮುಗಿಸಿದ’ ಎಂದು ನಕ್ಕಳು.

ನಮ್ಮ ಅಬ್ಬಾನಿಗೆ ಮೂವರೂ ಹೆಣ್ಣುಮಕ್ಕಳು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅವರದು ಒಂದು ಸಣ್ಣ ದಲಾಲಿ ಅಂಗಡಿ. ಬ್ಯಾಡಗಿ ಮೆಣಸಿನಕಾಯಿಯ ಗುಣ ನಾಡಿಗೇ ಗೊತ್ತು. ಕೆಂಪು ಹೆಚ್ಚು, ಖಾರ ಕಡಿಮೆ. ಸುಕ್ಕುಗಟ್ಟಿದ ಸಿಪ್ಪೆಯ ಡಬ್ಬಿ, ಉದ್ದನೆಯ ಕಡ್ಡಿ ಎಂದು ಎರಡು ಜಾತಿ. ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಬಣ್ಣದ ಸತ್ವ ಆಹಾರಕ್ಕೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸುಗ್ಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಈ ವ್ಯಾಪಾರದಲ್ಲಿ ಹೆಂಗಸರಿಗೆ ಕೆಲಸವಿಲ್ಲವೆಂದಲ್ಲ. ತೊಟ್ಟು ಬಿಡಿಸುವ, ಕಾಯಿ ಆರಿಸುವ ಕೆಲಸಕ್ಕೆ ಸಾಲುಸಾಲಾಗಿ ಕುಳಿತವರೆಲ್ಲ ಹೆಂಗಸರೇ. ಆದರೆ ಗಾದಿಯ ಮೇಲೆ, ಲೆಕ್ಕದ ಪುಸ್ತಕದ ಮುಂದೆ ಕೂರುವವರು ಗಂಡಸರು.

1997ರಲ್ಲಿ, ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾದ ವರ್ಷ, ಅಬ್ಬಾನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ನಿಂತುಹೋಯಿತು. ಹಿರಿಯವಳಿಗೆ ಆಗಲೇ ಮದುವೆಯಾಗಿತ್ತು. ಕಿರಿಯವಳು ಹೈಸ್ಕೂಲು. ನಡುವಿನವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ‘ಈ ಸುಗ್ಗಿ ಒಂದು ದಾಟಿಸು, ಆಮೇಲೆ ಪರೀಕ್ಷೆ ಬರೀತೀಯಂತೆ’ ಎಂದು ಅಬ್ಬಾ ಹೇಳಿದರು. ಅವಳು ಸಲ್ವಾರಿನ ಮೇಲೆ ಅಬ್ಬಾನ ಹಳೆಯ ಅಂಗಿ ತೊಟ್ಟು, ಮೂಗು ಬಾಯಿಗೆ ದುಪಟ್ಟ ಸುತ್ತಿಕೊಂಡು ಅಂಗಡಿಗೆ ಹೋದಳು. ಆ ಸುಗ್ಗಿ ಮುಗಿಯಲೇ ಇಲ್ಲ. ಪರೀಕ್ಷೆ ಬರೆಯಲೇ ಇಲ್ಲ.

ಬಂದ ನೆಂಟರೆದುರು ಅಬ್ಬಾ ಹೆಮ್ಮೆಯಿಂದ ಹೇಳುತ್ತಿದ್ದರು. ‘ಇವಳು ನನ್ನ ಮಗಳಲ್ಲ, ಮಗ.’ ಆ ಮಾತನ್ನು ನಾವೂ ಎಷ್ಟೋ ಕಡೆ ಹೇಳಿದ್ದೇವೆ. ನಮ್ಮ ನಾಡಿನಲ್ಲಿ ಹೆಣ್ಣಿಗೆ ಸಿಗುವ ಅತಿ ದೊಡ್ಡ ಹೊಗಳಿಕೆ ಅದು. ಹಿಂದೂಗಳ ಮನೆಯಲ್ಲೂ ಅದೇ, ಮುಸಲ್ಮಾನರ ಮನೆಯಲ್ಲೂ ಅದೇ. ಆ ಮಾತಿನೊಳಗೆ ಒಂದು ಆಜ್ಞೆ ಇದೆ ಎಂದು ನಮಗೆ ಹೊಳೆದಿರಲಿಲ್ಲ. ಮಗ ಎಂದ ಮೇಲೆ ಮನೆ ಬಿಟ್ಟು ಹೋಗುವಂತಿಲ್ಲ.

ಕತೆಯ ಆಸ್ಕರ್ ರಾಣಿಯ ಕಾವಲು ಪಡೆಯ ಅಧಿಕಾರಿಯಾಗುತ್ತಾಳೆ. ಅವಳು ಹೆಣ್ಣು ಎಂಬುದು ಗುಟ್ಟಲ್ಲ, ಅರಮನೆಗೆಲ್ಲ ಗೊತ್ತು. ಗಂಡಿನ ವೇಷ ಅವಳಿಗೆ ಮರೆಯಲ್ಲ, ಸಮವಸ್ತ್ರ ಅಷ್ಟೆ. ಇದನ್ನು ಓದುವಾಗ ಶಾಲೆಯ ಪಾಠದ ರಜಿಯಾ ಸುಲ್ತಾನಾ ನೆನಪಾದಳು. ಗಂಡುಮಕ್ಕಳಿದ್ದರೂ ಮಗಳೇ ಯೋಗ್ಯಳೆಂದು ಇಲ್ತಮಶ್ ಆರಿಸಿದ, 1236ರಿಂದ ನಾಲ್ಕು ವರ್ಷ ದಿಲ್ಲಿ ಆಳಿದ, ಗಂಡಸರ ನಿಲುವಂಗಿ ಮತ್ತು ಟೋಪಿ ತೊಟ್ಟು ದರ್ಬಾರಿಗೆ ಬಂದ ರಜಿಯಾ. ಬೆಳವಡಿ ಮಲ್ಲಮ್ಮ, ಕಿತ್ತೂರು ಚೆನ್ನಮ್ಮ ನಮ್ಮ ಪಕ್ಕದವರೇ. ಹೆಣ್ಣು ಕತ್ತಿ ಹಿಡಿದ ಕತೆ ನಮಗೆ ಹೊಸದಲ್ಲ. ಹೊಸದೆನಿಸಿದ್ದು ಬೇರೆ. ನಮ್ಮ ವೀರವನಿತೆಯರ ಕತೆಗಳಲ್ಲಿ ಕತ್ತಿ ಹಿಡಿದವಳು ರಾತ್ರಿ ಮನೆಗೆ ಬಂದು ಏನು ಯೋಚಿಸಿದಳು ಎಂದು ಯಾರೂ ಬರೆದಿಲ್ಲ. ಇಕೆಡಾ ಬರೆದಿದ್ದಾರೆ. ಆಸ್ಕರ್ ಒಂದೇ ಒಂದು ಸಲ ಹೆಣ್ಣಿನ ಉಡುಪು ತೊಟ್ಟು, ಯಾರಿಗೂ ಗುರುತು ಹೇಳದೆ, ತಾನು ಮೆಚ್ಚಿದ ಫೆರ್ಸನ್‌ನೊಂದಿಗೆ ನರ್ತಿಸಿ ಬರುತ್ತಾಳೆ. ಅವನ ಮನಸ್ಸು ರಾಣಿಯಲ್ಲಿದೆ ಎಂದು ಗೊತ್ತಿದ್ದೇ ಹೋಗುತ್ತಾಳೆ. ಮರುದಿನ ಮತ್ತೆ ಸಮವಸ್ತ್ರ. ಆ ಪುಟಗಳನ್ನು ನಡುವಿನವಳು ಎರಡು ಸಲ ತಿರುವಿ ನೋಡಿದಳು. ಏನೂ ಹೇಳಲಿಲ್ಲ.

ನಮಗೆ 2001ರ ನೆನಪಾಯಿತು. ಶಿಗ್ಗಾವಿಯ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು. ಅಬ್ಬಾ ‘ಸುಗ್ಗಿ ಮುಗೀಲಿ’ ಎಂದರು. ಅವರು ಒಂದು ವರ್ಷ ಕಾದರು, ಆಮೇಲೆ ಬೇರೆ ಕಡೆ ನೋಡಿಕೊಂಡರು. ಅದೇ ವರ್ಷ ಅವಳೇ ದುಡ್ಡು ಜೋಡಿಸಿ ಕಿರಿಯವಳ ಟೀಚರ್ ಟ್ರೇನಿಂಗಿನ ಶುಲ್ಕ ಕಟ್ಟಿದಳು. ನಾವಿಬ್ಬರೂ ಆಗ ಆ ಸಂಬಂಧದ ಬಗ್ಗೆ ಅವಳ ಇಷ್ಟವೇನು ಎಂದು ಕೇಳಲಿಲ್ಲ. ಕೇಳಿದರೆ ಅಂಗಡಿ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬರುತ್ತಿತ್ತು.

ಕತೆಯ ನಡುವೆ ಆಸ್ಕರ್ ಅರಮನೆಯ ಕಾವಲು ಬಿಟ್ಟು ‘ಫ್ರೆಂಚ್ ಗಾರ್ಡ್ಸ್’ ಎಂಬ ಸಾಮಾನ್ಯರ ಪಡೆಗೆ ವರ್ಗ ಮಾಡಿಸಿಕೊಂಡು ಹೋಗುತ್ತಾಳೆ. ಅಲ್ಲಿಯ ಸಿಪಾಯಿಗಳು ಬಡವರು. ಹೊಟ್ಟೆಗಿಲ್ಲದೆ ಬಂದೂಕು ಮಾರಿಕೊಂಡವರು. ಹೆಣ್ಣಿನ ಆಜ್ಞೆ ಕೇಳುವುದಿಲ್ಲ ಎಂದು ಅವರು ತಿರುಗಿ ಬೀಳುತ್ತಾರೆ. ಇಲ್ಲಿ ನಡುವಿನವಳು ಹುಡುಗಿಯ ಓದನ್ನು ತಡೆದು ತನ್ನ ಕತೆ ಹೇಳಿದಳು. ನಮಗೂ ಅದು ಗೊತ್ತಿರಲಿಲ್ಲ. ಮೊದಲ ಸುಗ್ಗಿಯಲ್ಲಿ ಹಮಾಲರು ಅವಳ ಚೀಲ ಎತ್ತಲು ಹಿಂಜರಿದರಂತೆ. ‘ಹೆಣ್ಮಗಳ ಕೈಯಾಗ ಪಗಾರ ಇಸ್ಕೊಳ್ಳೂದಾ?’ ಎಂದರಂತೆ. ಅವಳು ವಾದ ಮಾಡಲಿಲ್ಲ. ರಾತ್ರಿ ಕುಳಿತು ಹಳೆಯ ಲೆಕ್ಕದ ಪುಸ್ತಕಗಳನ್ನು ಬಿಡಿಸಿದಳು. ಗುಮಾಸ್ತ ಕೂಡಿಸುವಾಗ ತಪ್ಪಿ, ಹಮಾಲರ ಕೂಲಿಯಲ್ಲಿ ಹಿಂದಿನ ವರ್ಷ ಒಂದಿಷ್ಟು ಬಾಕಿ ಉಳಿದಿತ್ತು. ಅವರಿಗೇ ಅದು ಗೊತ್ತಿರಲಿಲ್ಲ. ಮರುದಿನ ಒಬ್ಬೊಬ್ಬರನ್ನೇ ಹೆಸರಿಡಿದು ಕರೆದು ಕೊಟ್ಟಳು. ಆ ಮೇಲೆ ಅವಳ ಚೀಲ ಮೊದಲು ಏರತೊಡಗಿತು. ‘ಈಕಿ ಕತ್ತಿ ಹಿಡಿದ್ಲು, ನಾ ಪೆನ್ನು ಹಿಡಿದೆ. ಅಷ್ಟs’ ಎಂದಳು.

ಪುಸ್ತಕದಲ್ಲಿ ನಮಗೆ ಒಗ್ಗದ್ದೂ ಇದೆ. ಆಸ್ಕರ್‌ಳ ಜೊತೆ ಬೆಳೆದ ಸೇವಕ ಆಂದ್ರೆ ಅವಳನ್ನು ಮನಸಾರೆ ಪ್ರೀತಿಸುವವನು. ಅವಳಿಗಾಗಿ ಒಂದು ಕಣ್ಣು ಕಳೆದುಕೊಂಡವನು. ಅಂಥವನು ಒಮ್ಮೆ ಹಿಡಿತ ತಪ್ಪಿ ಅವಳ ಮೇಲೆ ಬಲ ತೋರಿಸುವ ಪ್ರಸಂಗ ನಮಗೆ ಸರಿಬರಲಿಲ್ಲ. ‘ಇಷ್ಟು ಒಳ್ಳೆಯವನ ಕೈಯಾಗ ಹಿಂಗ್ಯಾಕ ಮಾಡಿಸ್ಯಾಳ’ ಎಂದು ಹಿರಿಯವಳು ಸಿಟ್ಟಾದಳು. ನಮ್ಮ ಹಳೆಯ ಧಾರಾವಾಹಿಗಳಲ್ಲೂ, ಸಿನಿಮಾಗಳಲ್ಲೂ ಇಂಥದ್ದನ್ನು ಪ್ರೀತಿ ಎಂದು ದಾಟಿಸಿದ್ದನ್ನು ನಾವು ಪ್ರಶ್ನಿಸದೆ ಓದಿದ್ದೆವಲ್ಲ ಎಂದು ಆಗ ಅನ್ನಿಸಿತು. ಗುಲಾಬಿ ಹೂ, ಕಣ್ಣೀರು, ಮೂರ್ಛೆಗಳೂ ಬೇಕಾದ್ದಕ್ಕಿಂತ ಹೆಚ್ಚು. ಆದರೆ ಮಿಠಾಯಿ ಡಬ್ಬಿ ಎಂದುಕೊಂಡದ್ದರೊಳಗೆ ರೊಟ್ಟಿಯ ಬೆಲೆ, ತೆರಿಗೆ, ಹಸಿವು, ಶ್ರೀಮಂತರ ಬಂಡಿಗೆ ಸಿಕ್ಕು ಸಾಯುವ ಬಡವರು ಎಲ್ಲ ಇತ್ತು. ವಿದ್ಯಾರ್ಥಿ ದಿನಗಳಲ್ಲಿ ಎಡಪಂಥೀಯ ಚಳವಳಿಯಲ್ಲಿದ್ದ ಲೇಖಕಿ ಹುಡುಗಿಯರ ವಾರಪತ್ರಿಕೆಯಲ್ಲಿ ಒಂದು ಕ್ರಾಂತಿಯನ್ನೇ ಕಟ್ಟಿದ್ದರು.

ಇದು 1974ರಲ್ಲಿ ತಕರಾಜುಕಾ ಎಂಬ ನಾಟಕ ತಂಡದಲ್ಲಿ ರಂಗಕ್ಕೆ ಬಂತು, ಇಂದಿಗೂ ಮತ್ತೆ ಮತ್ತೆ ಆಡುತ್ತಾರೆ ಎಂದು ಹುಡುಗಿ ಹೇಳಿದಳು. ಅಲ್ಲಿ ಎಲ್ಲರೂ ಹೆಂಗಸರೇ, ಗಂಡು ಪಾತ್ರವೂ ಅವರದೇ. ಹುಡುಗಿಗೆ ಅದು ಸೋಜಿಗ. ನಮಗೇನೂ ಅನ್ನಿಸಲಿಲ್ಲ. ಕಂಪನಿ ನಾಟಕಗಳಲ್ಲಿ ಗಂಡಸರು ಹೆಣ್ಣಾಗಿದ್ದ ಕಾಲದಲ್ಲೇ, ನಮಗೆ ಹತ್ತಿರದ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿದ್ದರು. ಅಮ್ಮಿಯ ತಾಯಿ ಆ ಹೆಸರನ್ನು ಹೇಳುತ್ತಿದ್ದದ್ದು ಹಿರಿಯವಳಿಗೆ ನೆನಪಿದೆ. ವೇಷ ಬದಲಿಸಿದರೆ ರಂಗದ ಮೇಲೆ ಚಪ್ಪಾಳೆ ಸಿಗುತ್ತದೆ. ಮನೆಯಲ್ಲಿ ವೇಷ ಬದಲಿಸಿದವಳಿಗೆ ಏನು ಸಿಗುತ್ತದೆ ಎಂಬುದೇ ಪ್ರಶ್ನೆ.

ಅಬ್ಬಾ 2019ರಲ್ಲಿ ತೀರಿಕೊಂಡರು. ಅಮ್ಮಿ ಅದಕ್ಕೆ ಮೊದಲೇ ಹೋಗಿದ್ದರು. ಆಸ್ತಿ ಎಂದರೆ ಈ ಮನೆ, ಅಂಗಡಿ, ಎರಡು ಎಕರೆ ಹೊಲ. ಗಂಡುಮಕ್ಕಳಿಲ್ಲದ್ದರಿಂದ ನಮ್ಮ ಮೂವರಿಗೆ ಸೇರಿ ಮೂರರಲ್ಲಿ ಎರಡು ಭಾಗ, ಉಳಿದದ್ದು ಅಬ್ಬಾನ ತಮ್ಮನಿಗೆ ಎಂದು ಹಿರಿಯರು ಹೇಳಿದರು. ಚಿಕ್ಕಪ್ಪ ದೊಡ್ಡ ಮನಸ್ಸು ಮಾಡಿ, ‘ನನಗೇನೂ ಬೇಡ, ಹೆಣ್ಣುಮಕ್ಕಳೇ ತಗೊಳ್ಳಲಿ’ ಎಂದು ಬಿಟ್ಟುಕೊಟ್ಟರು. ಮೂರು ಸಮಪಾಲು ಎಂದು ಕಾಗದವಾಯಿತು. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ನಾವು ನೆಮ್ಮದಿಯಿಂದ ಇದ್ದೆವು. ಅಂಗಡಿಯನ್ನು ಅವಳೇ ನಡೆಸಿಕೊಂಡು ಹೋದಳು, ವರ್ಷಕ್ಕೊಮ್ಮೆ ನಮ್ಮ ಪಾಲಿನ ಬಾಡಿಗೆ ಎಂದು ದುಡ್ಡು ಕಳಿಸುತ್ತಿದ್ದಳು. ನಾವು ತೆಗೆದುಕೊಳ್ಳುತ್ತಿದ್ದೆವು. ಈ ಮೇ ತಿಂಗಳಲ್ಲಿ ನಾವು ಬ್ಯಾಡಗಿಗೆ ಬಂದು ಕುಳಿತದ್ದಕ್ಕೆ ಕಾರಣವೂ ಅದೇ. ಅಂಗಡಿಗೆ ಒಳ್ಳೆಯ ಬೆಲೆ ಕೊಡುವ ಗಿರಾಕಿ ಬಂದಿದ್ದ. ಹಿರಿಯವಳ ಮಗನಿಗೆ ಮನೆ ಕಟ್ಟಬೇಕಿತ್ತು, ಕಿರಿಯವಳ ಮಗಳ ಓದಿಗೆ ಸಾಲವಿತ್ತು. ಮಾರೋಣ ಎಂದು ಹೇಳಲು ಬಂದವರು ನಾವು. ಹೇಳಲು ನಾಲಿಗೆ ಏಳದೆ ದಿನ ದೂಡುತ್ತ ಕತೆ ಕೇಳುತ್ತಿದ್ದೆವು.

ನಾಲ್ಕನೆಯ ಸಂಜೆ ಜನರಲ್ ಜಾರ್ಜೆ ಮಗಳಿಗೆ ಮದುವೆಯಾಗು ಎನ್ನುವ ಭಾಗ ಬಂತು. ದೇಶದಲ್ಲಿ ದಂಗೆಯ ಸೂಚನೆ ಕಂಡಾಗ ಅವನಿಗೆ ಹೆದರಿಕೆ ಹುಟ್ಟುತ್ತದೆ. ಮಗನಂತೆ ಬೆಳೆಸಿದ್ದು ತಪ್ಪಾಯಿತೇನೋ ಎನ್ನಿಸುತ್ತದೆ. ಅವಳಿಗೆ ವರ ನೋಡಲೆಂದೇ ಔತಣ ಏರ್ಪಡಿಸುತ್ತಾನೆ. ಅವಳು ಸಮವಸ್ತ್ರದಲ್ಲೇ ಬಂದು ಎಲ್ಲರನ್ನೂ ಪೇಚಿಗೆ ಸಿಕ್ಕಿಸುತ್ತಾಳೆ. ಇದನ್ನು ಕೇಳಿ ನಡುವಿನವಳು ಗಟ್ಟಿಯಾಗಿ ನಕ್ಕು, ನಗುತ್ತಲೇ ಹೇಳಿದಳು. ‘ಅಬ್ಬಾನೂ ಹಿಂಗs. ದವಾಖಾನ್ಯಾಗ ಕೊನೀ ವಾರ, ನಿನ್ನ ಮದುವಿ ಮಾಡಬೇಕಾಗಿತ್ತವ್ವ ಅಂದ್ರು. ನನಗ ಆಗ ನಲವತ್ಮೂರು.’

ಇದನ್ನು ಅವಳು ನಮಗೆ ಹೇಳಿದ್ದು ಅದೇ ಮೊದಲು.

ನಾವು ಅಳು ತಡೆಯಲಾರದೆ, ನಿನಗೆ ಅನ್ಯಾಯವಾಯಿತು, ಅಬ್ಬಾ ತಪ್ಪು ಮಾಡಿದರು, ನಾವೂ ಮಾಡಿದೆವು ಎಂದೆಲ್ಲ ಹೇಳತೊಡಗಿದೆವು. ಅವಳು ಕೈಯೆತ್ತಿ ತಡೆದಳು. ‘ಮುಂದ ಓದವ್ವ, ಈಕಿ ಅಪ್ಪಗ ಏನಂದ್ಲು?’ ಎಂದು ಹುಡುಗಿಯನ್ನು ಕೇಳಿದಳು. ಮುಂದೆ ಆಸ್ಕರ್ ತಂದೆಯನ್ನು ಬೈಯುವುದಿಲ್ಲ. ನನ್ನನ್ನು ಸಾಮಾನ್ಯ ಹೆಣ್ಣಾಗಿ ಬೆಳೆಸಿದ್ದರೆ ಅಕ್ಕಂದಿರಂತೆ ಎಳವೆಯಲ್ಲೇ ಮದುವೆಯಾಗಿ ಒಂದು ಮನೆಯೊಳಗೆ ಇರುತ್ತಿದ್ದೆ ಅಲ್ಲವೇ ಎಂದು ಕೇಳುತ್ತಾಳೆ. ಹೆಣ್ಣಾಗಿದ್ದೂ ಇಷ್ಟು ಅಗಲವಾದ ಜಗತ್ತನ್ನು, ಇಷ್ಟು ಜನರನ್ನು ಕಂಡೆನಲ್ಲ ಎಂದು ಅವನಿಗೆ ಕೃತಜ್ಞತೆ ಹೇಳುತ್ತಾಳೆ.

ನಡುವಿನವಳು ಸುಮ್ಮನೆ ತಲೆಯಾಡಿಸಿದಳು. ‘ಖರೇ ಐತಿ. ನಾನೂ ಅಂಗಡಿ ಬಿಟ್ಟು ಬ್ಯಾರೆ ಏನೂ ಆಗಬೇಕಂತ ಅಂದ್ಕೊಂಡಿಲ್ಲ. ಗಾದೀ ಮ್ಯಾಲೆ ಕುಂತಾಗ ನನಗ ಖುಷಿನs ಆಗ್ತಿತ್ತು. ನೀವು ನನ್ನ ನೋಡಿ ಅಳಬ್ಯಾಡ್ರಿ. ಮದುವಿ ಆಗಲಿಲ್ಲಂತ ನಾ ಅತ್ತಿಲ್ಲ.’ ಸ್ವಲ್ಪ ಹೊತ್ತು ಬಿಟ್ಟು ಅಂದಳು. ‘ಒಂದs ಮಾತು. ಮಗನಂಗ ದುಡದೆ. ಮಗಳಂಗ ಪಾಲು ತಗೊಂಡೆ. ಇಪ್ಪತ್ತೆರಡು ವರ್ಷದ ದುಡಿಮಿ ಯಾರ ಲೆಕ್ಕದಾಗ ಹೋತು?’

ಅಷ್ಟು ದಿನ ನಾವು ಅವಳ ದುಃಖವನ್ನು ಊಹಿಸಿಕೊಂಡು ಮರುಕಪಟ್ಟಿದ್ದೆವು. ಅವಳು ಕೇಳಿದ್ದು ಮರುಕವನ್ನಲ್ಲ, ಲೆಕ್ಕವನ್ನು. ಇದು ಧರ್ಮದ ಹಂಚಿಕೆಯ ಪ್ರಶ್ನೆಯಲ್ಲ. ಹಂಚುವ ಮೊದಲು ದುಡಿದವರ ಬಾಕಿ ತೀರಿಸಬೇಕು ಎಂಬುದು ನಮ್ಮ ಹಿರಿಯರೂ ಹೇಳುವ ಮಾತೇ. ಸತ್ತವರ ಸಾಲ ತೀರಿಸದೆ ಪಾಲು ಮಾಡುವಂತಿಲ್ಲ ಎಂದು ನಮಗೆ ಗೊತ್ತು. ಆದರೆ ಮನೆಯ ಹೆಣ್ಣುಮಗಳ ದುಡಿಮೆಯೂ ಒಂದು ಸಾಲ ಎಂದು ಯಾರಿಗೂ ಹೊಳೆಯಲಿಲ್ಲ. ಗುಮಾಸ್ತನಿಗೆ ತಿಂಗಳ ಪಗಾರವಿತ್ತು. ಹಮಾಲರಿಗೆ ಚೀಲಕ್ಕಿಷ್ಟು ಎಂದಿತ್ತು. ತೊಟ್ಟು ಬಿಡಿಸುವವರಿಗೂ ದಿನಕ್ಕಿಷ್ಟು ಇತ್ತು. ಇವಳಿಗೆ ಮಾತ್ರ ‘ನನ್ನ ಮಗ’ ಎಂಬ ಬಿರುದಿತ್ತು.

ಆ ರಾತ್ರಿ ನಾವಿಬ್ಬರೂ ಮಾತಾಡಿಕೊಂಡು, ಬೆಳಿಗ್ಗೆ, ಅಂಗಡಿಯಲ್ಲಿ ನಮ್ಮ ಪಾಲನ್ನು ನಿನಗೇ ಬಿಟ್ಟುಕೊಡುತ್ತೇವೆ ಎಂದೆವು. ಅವಳು ಒಪ್ಪಲಿಲ್ಲ. ‘ದಾನ ಬ್ಯಾಡ. ಲೆಕ್ಕ ಮಾಡ್ರಿ’ ಎಂದಳು. ಐದನೆಯ ದಿನ ಪುಸ್ತಕ ಬದಿಗಿಟ್ಟು ಲೆಕ್ಕಕ್ಕೆ ಕುಳಿತೆವು. 1997ರಿಂದ 2019ರವರೆಗೆ ಅಂಗಡಿಯಲ್ಲಿ ಗುಮಾಸ್ತನಿಗೆ ಕೊಟ್ಟ ಪಗಾರವನ್ನು ವರ್ಷವಾರು ಬರೆದು, ಅದನ್ನೇ ಅವಳ ಪಗಾರವೆಂದು ಹಿಡಿದು, ಅವಳು ಮನೆಯಲ್ಲಿ ಉಂಡು ಉಟ್ಟದ್ದನ್ನು ಅವಳೇ ಹಟಹಿಡಿದು ಕಳೆಸಿ, ಮೊತ್ತ ಕೂಡಿಸಿದೆವು. ನಮ್ಮಿಬ್ಬರ ಅಂಗಡಿ ಪಾಲಿನ ಬೆಲೆಗಿಂತ ಅದು ತುಸು ಕಡಿಮೆ ಬಂತು. ಆ ವ್ಯತ್ಯಾಸವನ್ನು ಎರಡು ಕಂತಿನಲ್ಲಿ ನಮಗೆ ಕೊಡುತ್ತೇನೆಂದಳು. ನಾವು ಬೇಡವೆನ್ನಲಿಲ್ಲ, ಅಂದಿದ್ದರೆ ಮತ್ತೆ ದಾನವಾಗುತ್ತಿತ್ತು. ಅಂಗಡಿ ಅವಳ ಹೆಸರಿಗಾಯಿತು. ಗಿರಾಕಿಗೆ ಇಲ್ಲವೆಂದು ಹೇಳಿ ಕಳಿಸಿದೆವು. ಹಿರಿಯವಳ ಮಗನ ಮನೆ ಮುಂದಕ್ಕೆ ಹೋಯಿತು. ಅವನಿಗೆ ಅದು ಹಿಡಿಸಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಕೊನೆಯ ಸಂಜೆ ಉಳಿದ ಕತೆ ಮುಗಿಸಿದೆವು. ಆಸ್ಕರ್ ಕೊನೆಗೆ ಆಂದ್ರೆಯ ಪ್ರೀತಿಯನ್ನು ಗುರುತಿಸುತ್ತಾಳೆ. ಆಗ ಅವಳಿಗೆ ಕ್ಷಯ, ಕೆಮ್ಮಿದರೆ ರಕ್ತ. ‘ಈಕಿನೂ ಮೆಣಸಿನಕಾಯಿ ಅಂಗಡ್ಯಾಗ ಇದ್ಲೇನ?’ ಎಂದು ನಡುವಿನವಳು ಕೇಳಿ ನಮ್ಮನ್ನು ಅಳುವಿನ ನಡುವೆ ನಗಿಸಿದಳು. 1789ರ ಜುಲೈಯಲ್ಲಿ ಜನರ ಮೇಲೆ ಬಂದೂಕು ತಿರುಗಿಸುವ ಬದಲು ಆಸ್ಕರ್ ತನ್ನ ಪದವಿ ಬಿಸುಟು, ತನ್ನ ಪಡೆಯೊಂದಿಗೆ ಜನರ ಕಡೆ ಸೇರುತ್ತಾಳೆ. 13ರಂದು ಆಂದ್ರೆ, 14ರಂದು ಬ್ಯಾಸ್ಟೀಲ್ ಕೋಟೆಯೆದುರು ಅವಳು. ಕೋಟೆಯ ಮೇಲೆ ಬಿಳಿ ಬಾವುಟ ಏರಿತು ಎಂದು ಕೇಳಿಯೇ ಕಣ್ಣು ಮುಚ್ಚುತ್ತಾಳೆ. ಆಸ್ಕರ್ ಕಲ್ಪನೆಯಾದರೂ, ಆ ಪಡೆಯ ಸಿಪಾಯಿಗಳು ಅಂದು ಜನರೊಂದಿಗೆ ನಿಂತದ್ದು ಇತಿಹಾಸ.

ಇಕೆಡಾ ಅವರ ಬಗ್ಗೆ ಹುಡುಗಿ ಕೊನೆಗೊಂದು ವಿಷಯ ಹೇಳಿದಳು. ಅಷ್ಟೆಲ್ಲ ಹೆಸರು ಮಾಡಿದ ಮೇಲೆ, 1995ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ, ಅವರು ಸಂಗೀತ ಕಲಿಯಲು ಟೋಕಿಯೋದ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಸೇರಿ, ಆಮೇಲೆ ಗಾಯಕಿಯಾದರಂತೆ. ನಡುವಿನವಳು ಅದನ್ನು ಕೇಳಿ, ‘ಹೌದಾ?’ ಎಂದಷ್ಟೇ ಅಂದಳು.

ನಾವು ಹೊರಡುವ ದಿನ ಅವಳು ನಸುಕಿನಲ್ಲೇ ಅಂಗಡಿಗೆ ಹೋಗಿದ್ದಳು. ಐದು ಸಂಪುಟಗಳಲ್ಲಿ ಎರಡನೆಯದು ಕಾಣಲಿಲ್ಲ. ಫೋನು ಮಾಡಿದರೆ ಗಾದಿಯ ಮೇಲಿದೆ, ಫೆರ್ಸನ್‌ನ ನರ್ತನದ ಚಿತ್ರ ಮತ್ತೊಮ್ಮೆ ನೋಡಬೇಕಿತ್ತು ಎಂದಳು. ಪುಸ್ತಕ ವಾಪಸು ಬಂದಾಗ ಅಂಚಿಗೆ ಮೆಣಸಿನಕಾಯಿಯ ಕೆಂಪು ಹತ್ತಿತ್ತು. ಗೆಳತಿಗೆ ಏನು ಹೇಳಲಿ ಎಂದು ಹುಡುಗಿ ಗೊಣಗಿದಳು. ಹೊಸದೊಂದು ತರಿಸಿ ಕೊಟ್ಟರಾಯಿತು, ಇದು ಬ್ಯಾಡಗಿಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ಅದರ ಬೆಲೆಯನ್ನೂ ಅವಳೇ ಕೇಳಿ, ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗೆ ಬರೆದುಕೊಂಡಳು.